ಕಾರಿಗಿಂತ ಮೊದಲು ಎಂಜಿನ್: ಸಣ್ಣ ಕಾರುಗಳ ಒಂದು ವಂಶಾವಳಿ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಬಂಧುಗಳ ಮಕ್ಕಳಲ್ಲಿಯೂ ಹಲವರು ಈಗ ಮೊದಲ ಕಾರು ಕೊಳ್ಳುವ ಹಂತದಲ್ಲಿದ್ದಾರೆ. ಹೊಸದಕ್ಕೆ ಸಾಲ ಮಾಡುವುದಕ್ಕಿಂತ, ಕೈಯಲ್ಲಿರುವ ಹಣದಲ್ಲಿ ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್, ಅಂದರೆ ಹಿಂದಕ್ಕೆ ಚಾಚಿದ ಡಿಕ್ಕಿಯಿಲ್ಲದ ಸಣ್ಣ ಕಾರು, ಸಾಕೆಂಬುದು ಅವರ ಲೆಕ್ಕ. ಲೆಕ್ಕ ಸರಿಯಾದುದೇ. ಆದರೆ ನೋಡಲು ಹೋದವರು ಬಣ್ಣವನ್ನು ನೋಡುತ್ತಾರೆ, ಸೀಟಿನ ಹೊದಿಕೆಯನ್ನು ನೋಡುತ್ತಾರೆ, ಮೀಟರಿನಲ್ಲಿರುವ ಕಿಲೋಮೀಟರನ್ನು ನಂಬುತ್ತಾರೆ. ಇವು ಯಾವುವೂ ನಡುದಾರಿಯಲ್ಲಿ ಕೈಕೊಡುವ ವಸ್ತುಗಳಲ್ಲ. ಕೈಕೊಡುವುದು ಎಂಜಿನ್. ಹಳೆಯ ಕಾರಿನ ಎಂಜಿನ್ ಬಿಚ್ಚಿಸುವ ಪ್ರಸಂಗ ಬಂದರೆ ವರ್ಷಗಟ್ಟಲೆ ಕೂಡಿಟ್ಟ ಹಣ ಗ್ಯಾರೇಜಿನ ಪಾಲಾಗುತ್ತದೆ.

ಇತಿಹಾಸ ಪಾಠ ಮಾಡಿದ ಮೇಷ್ಟರಿಗೆ ಎಂಜಿನ್ನಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಎಂಜಿನ್ನಿಗೂ ಇತಿಹಾಸವಿದೆ. ಯಾವುದು ಎಷ್ಟು ಕಾಲ ಬಾಳಿತು, ಏಕೆ ಬಾಳಿತು, ಏಕೆ ನಿಂತಿತು ಎಂಬುದನ್ನು ಅರಿತವರಿಗೆ ಹಳೆಯ ಕಾರಿನ ಆಯ್ಕೆ ಅರ್ಧ ಮುಗಿದಂತೆಯೇ.

ಈ ಕಥೆ ಆರಂಭವಾಗುವುದು 1982ರಲ್ಲಿ. ಸರ್ಕಾರಿ ಸ್ವಾಮ್ಯದ ಮಾರುತಿ ಉದ್ಯೋಗ್ ಸಂಸ್ಥೆ ಆ ವರ್ಷ ಜಪಾನಿನ ಸುಜುಕಿಯೊಡನೆ ಒಪ್ಪಂದ ಮಾಡಿಕೊಂಡಿತು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800 ಕಾರಿನ ಕೀಲಿಕೈಯನ್ನು ಗ್ರಾಹಕರೊಬ್ಬರಿಗೆ ಹಸ್ತಾಂತರಿಸಿದರು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ರಾಜ್ಯಭಾರದ ನಡುವೆ ಬಂದ ಈ ಪುಟ್ಟ ಕಾರಿನ ಎಂಜಿನ್ 796 ಸಿ.ಸಿ.ಯದು, ಮೂರೇ ಸಿಲಿಂಡರ್. ಎಫ್8ಬಿ ಎಂಬುದು ಅದರ ಹೆಸರು. ಮರು ವರ್ಷ ಬಂದ ವ್ಯಾನಿಗೂ, ಅಂದರೆ ಮುಂದೆ ಓಮ್ನಿ ಎನಿಸಿಕೊಂಡ ವಾಹನಕ್ಕೂ, ಅದನ್ನೇ ಕೂಡಿಸಿದರು. 2000ದಲ್ಲಿ ಆಲ್ಟೊ ಬಂದಾಗ ಅದೇ ಗಾತ್ರದ, ಹನ್ನೆರಡು ಕವಾಟಗಳ ಎಫ್8ಡಿ ರೂಪ ಬಂತು. ಮಾರುತಿ 800 ತಯಾರಿಕೆ 2014ರ ಜನವರಿಯಲ್ಲಿ ನಿಂತರೂ, ಆಲ್ಟೊ 800 ಕಾರಿನಲ್ಲಿ ಈ ವಂಶ 2023ರವರೆಗೆ ಬದುಕಿತು. ಸುಮಾರು ನಲವತ್ತು ವರ್ಷಗಳ ಆಳ್ವಿಕೆ!

ಈ ದೀರ್ಘಾಯುಷ್ಯದ ಪ್ರಯೋಜನವೇನು? ಒಂದೇ ಎಂಜಿನ್ ಲಕ್ಷಾಂತರ ಕಾರುಗಳಲ್ಲಿ ದಶಕಗಳ ಕಾಲ ಓಡಿದರೆ ಅದರ ದೋಷಗಳೆಲ್ಲ ಬಯಲಾಗುತ್ತವೆ. ತಯಾರಕರು ಒಂದೊಂದನ್ನೇ ತಿದ್ದುತ್ತಾರೆ. ತಾಲ್ಲೂಕು ಕೇಂದ್ರದ ಮೆಕ್ಯಾನಿಕ್ಕಿಗೂ ಅದರ ಶಬ್ದ ಕೇಳಿಯೇ ರೋಗ ತಿಳಿಯುತ್ತದೆ. ಬಿಡಿಭಾಗಗಳು ಚಿಕ್ಕ ಅಂಗಡಿಯಲ್ಲಿಯೂ ದೊರೆಯುತ್ತವೆ. ವಿಶ್ವಾಸಾರ್ಹತೆ ಎಂಬುದು ಕೇವಲ ಲೋಹದ ಗುಣವಲ್ಲ, ಸಮಾಜ ಗಳಿಸಿಕೊಂಡ ತಿಳಿವಳಿಕೆಯೂ ಹೌದು. ಎರಡು ಮೂರು ವರ್ಷ ಮಾರಾಟವಾಗಿ ಮರೆಯಾದ ಎಂಜಿನ್ ಎಷ್ಟೇ ಉತ್ತಮವಾಗಿದ್ದರೂ ಈ ಬೆಂಬಲ ಅದಕ್ಕಿಲ್ಲ.

ಎರಡನೆಯ ಘಟ್ಟವನ್ನು ತಂದದ್ದು ಕಾನೂನು. 1999ರಲ್ಲಿ ಸುಪ್ರೀಂ ಕೋರ್ಟು ರಾಜಧಾನಿ ಪ್ರದೇಶದಲ್ಲಿ ಯೂರೋ ಹೊಗೆ ಮಾನದಂಡಗಳನ್ನು ಕಡ್ಡಾಯಗೊಳಿಸಿತು. 2000ದಿಂದ ದೇಶದಾದ್ಯಂತ ನಿಯಮ ಬಿಗಿಯಾಯಿತು. ಇಂಧನವನ್ನು ಅಂದಾಜಿನಲ್ಲಿ ಬೆರೆಸುತ್ತಿದ್ದ ಕಾರ್ಬ್ಯುರೇಟರ್ ಹಿಂದೆ ಸರಿದು, ಅಳೆದು ಸಿಂಪಡಿಸುವ ಎಂ.ಪಿ.ಎಫ್.ಐ. ವ್ಯವಸ್ಥೆ ಬಂತು. ಮಾರುತಿಯ ಕೆ-ಸರಣಿಯ ಎಂಜಿನ್ 2008ರಲ್ಲಿ ಎ-ಸ್ಟಾರ್ ಕಾರಿನಲ್ಲಿ ಮೊದಲು ಕಾಣಿಸಿತು. ಅದರ 998 ಸಿ.ಸಿ. ರೂಪ 2010ರಿಂದ ಆಲ್ಟೊ ಕೆ10 ಮತ್ತು ವ್ಯಾಗನ್ ಆರ್ ಕಾರುಗಳಿಗೆ, 2014ರಲ್ಲಿ ಸೆಲೆರಿಯೊಗೆ ಬಂತು. 1.2 ಲೀಟರಿನ ರೂಪ ರಿಟ್ಜ್, ಸ್ವಿಫ್ಟ್‌ಗಳನ್ನು ಸೇರಿತು. ಹ್ಯುಂಡೈ ಸಂಸ್ಥೆ 2008ರಲ್ಲಿಯೇ ಐ10 ಕಾರಿಗೆ 1.2 ಲೀಟರಿನ ಕಪ್ಪಾ ಎಂಜಿನ್ ಕೂಡಿಸಿತು. ನಮ್ಮ ಬಿಡದಿಯಲ್ಲಿ ತಯಾರಾಗಿ 2011ರಿಂದ 2020ರವರೆಗೆ ಮಾರಾಟವಾದ ಟೊಯೊಟಾ ಎಟಿಯೋಸ್ ಲಿವಾದ 1.2 ಪೆಟ್ರೋಲ್ ಎಂಜಿನ್ ಕೂಡ ಇದೇ ಸಾಲಿಗೆ ಸೇರುತ್ತದೆ.

ಈ ತಲೆಮಾರಿನ ಒಂದು ಬದಲಾವಣೆಯನ್ನು ಕೊಳ್ಳುವವರು ಅವಶ್ಯವಾಗಿ ತಿಳಿದಿರಬೇಕು. ಪಿಸ್ಟನ್ನಿನ ಚಲನೆಗೂ ಕವಾಟಗಳ ಚಲನೆಗೂ ತಾಳ ಹೊಂದಿಸುವುದು ಟೈಮಿಂಗ್ ಬೆಲ್ಟ್. ಎಫ್8 ವಂಶದಲ್ಲಿ ಅದು ರಬ್ಬರಿನ ಪಟ್ಟಿ. ಇಂತಹ ಪಟ್ಟಿಗಳನ್ನು ಕಂಪನಿ ಹೇಳಿದ ಅವಧಿಗೆ, ಸಾಮಾನ್ಯವಾಗಿ ಒಂದು ಲಕ್ಷ ಕಿಲೋಮೀಟರಿನೊಳಗೆ, ಬದಲಿಸಬೇಕು. ಅನೇಕ ಎಂಜಿನ್ನುಗಳಲ್ಲಿ ಪಟ್ಟಿ ತುಂಡಾದರೆ ಕವಾಟಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಕೆ-ಸರಣಿ, ಕಪ್ಪಾ ಮೊದಲಾದವುಗಳಲ್ಲಿ ಅದರ ಸ್ಥಾನಕ್ಕೆ ಲೋಹದ ಸರಪಳಿ ಬಂತು. ಅದಕ್ಕೆ ಗಡುವಿಲ್ಲ, ಆದರೆ ಎಣ್ಣೆ ಕಾಲಕಾಲಕ್ಕೆ ಬದಲಾಗುತ್ತಿರಬೇಕು.

ಇನ್ನು ಡೀಸೆಲ್ ಕಥೆ. 2007ರ ಆರಂಭದಲ್ಲಿ ಸ್ವಿಫ್ಟ್ ಡೀಸೆಲ್ ಬಂತು. ಅದರೊಳಗಿದ್ದುದು ಇಟಲಿಯ ಫಿಯೆಟ್ ರೂಪಿಸಿದ 1248 ಸಿ.ಸಿ.ಯ ಮಲ್ಟಿಜೆಟ್ ಎಂಜಿನ್. ಅದೇ ಎಂಜಿನ್ ಟಾಟಾದ ಇಂಡಿಕಾ ವಿಸ್ಟಾದಲ್ಲಿ, ಫಿಯೆಟ್‌ನ ಪುಂಟೊದಲ್ಲಿ, ಮಾರುತಿ ರಿಟ್ಜ್‌ನಲ್ಲಿ ಬೇರೆ ಬೇರೆ ಹೆಸರು ಹೊತ್ತು ಓಡಿತು. ಬೇಡಿಕೆಯ ಹಿಂದೆ ಅರ್ಥಶಾಸ್ತ್ರವಿತ್ತು. 2010ರ ಜೂನಿನಲ್ಲಿ ಪೆಟ್ರೋಲ್ ಬೆಲೆಯ ಮೇಲಿನ ನಿಯಂತ್ರಣವನ್ನು ಸರ್ಕಾರ ತೆಗೆಯಿತು, ಡೀಸೆಲ್ ಮೇಲಿನದನ್ನು ಉಳಿಸಿಕೊಂಡಿತು. 2012ರ ಹೊತ್ತಿಗೆ ಇವೆರಡರ ಅಂತರ ಲೀಟರಿಗೆ 20 ರೂಪಾಯಿಯನ್ನು ಮೀರಿತ್ತು. ದಿನಕ್ಕೆ ಹತ್ತು ಕಿಲೋಮೀಟರು ಓಡಿಸುವವರೂ ಡೀಸೆಲ್ ಕಾರು ಕೊಂಡರು. 2014ರ ಅಕ್ಟೋಬರಿನಲ್ಲಿ ಡೀಸೆಲ್ ನಿಯಂತ್ರಣವೂ ತೊಲಗಿ ಅಂತರ ಕಿರಿದಾಯಿತು. 2020ರ ಏಪ್ರಿಲ್ 1ರಿಂದ ಬಿ.ಎಸ್.6 ಮಾನದಂಡ ಜಾರಿಗೆ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು.

ಆ ಡೀಸೆಲ್ ಕಾರುಗಳು ಇಂದು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿವೆ. ಎಂಜಿನ್ ಗಟ್ಟಿಯಾದುದೇ. ಆದರೆ ಹೆಚ್ಚು ಓಡುವವರೇ ಡೀಸೆಲ್ ಕೊಳ್ಳುತ್ತಿದ್ದುದರಿಂದ ಬಹುತೇಕ ಕಾರುಗಳು ಬಹಳ ದುಡಿದಿರುತ್ತವೆ. ಇಂಜೆಕ್ಟರ್, ಟರ್ಬೊ, ಅಧಿಕ ಒತ್ತಡದ ಪಂಪು ಇವುಗಳಲ್ಲಿ ಯಾವುದು ಕೆಟ್ಟರೂ ಖರ್ಚು ದೊಡ್ಡದು. ದಿನವೂ ದೂರ ಪ್ರಯಾಣವಿಲ್ಲದವರಿಗೆ ಪೆಟ್ರೋಲ್ ಎಂಜಿನ್ನೇ ಲೇಸು.

ತೀರಾ ಹಳೆಯ ಪೆಟ್ರೋಲ್ ಕಾರಿಗೂ ಹೊಸ ಪರೀಕ್ಷೆಯೊಂದು ಎದುರಾಗಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಮಾವೇಶವೊಂದರಲ್ಲಿ 20 ಪ್ರತಿಶತ ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ದೊರೆಯಿತು. ಇಪ್ಪತ್ತು ವರ್ಷ ಹಿಂದಿನ ಕಾರುಗಳ ರಬ್ಬರ್ ಕೊಳವೆ, ಸೀಲುಗಳು ಅಷ್ಟು ಎಥನಾಲನ್ನು ಎಣಿಸಿ ಮಾಡಿದವಲ್ಲ. ಅಂತಹ ಕಾರು ಕೊಂಡರೆ ಮೊದಲು ಅವುಗಳನ್ನು ಪರೀಕ್ಷಿಸಿ, ಬೇಕಾದಲ್ಲಿ ಬದಲಿಸಿ.

ವಂಶ ಒಳ್ಳೆಯದಾದ ಮಾತ್ರಕ್ಕೆ ವ್ಯಕ್ತಿ ಒಳ್ಳೆಯವನೆಂದು ಹೇಳಲಾಗದಷ್ಟೆ. ಆದ್ದರಿಂದ ನಿಮ್ಮ ಮುಂದೆ ನಿಂತಿರುವ ಕಾರಿನ ಚರಿತ್ರೆಯನ್ನೂ ಓದಿರಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಹೋಗಿ, ಬಾನೆಟ್ ಮುಟ್ಟಿ ನೋಡಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನಿಸಿ. ನೀಲಿ ಹೊಗೆ ಬಂದರೆ ಎಂಜಿನ್ ಎಣ್ಣೆಯನ್ನು ಸುಡುತ್ತಿದೆಯೆಂದು ಅರ್ಥ. ಎಣ್ಣೆ ಹಾಕುವ ಮುಚ್ಚಳದ ಅಡಿಯಲ್ಲಿ ಹಾಲಿನ ಕೆನೆಯಂತಹುದು ಕಂಡರೆ ನೀರು ಎಣ್ಣೆಗೆ ಬೆರೆತಿರಬಹುದು. ಸರ್ವಿಸ್ ಚೀಟಿಗಳ ಕಿಲೋಮೀಟರನ್ನು ಮೀಟರಿನೊಡನೆ ಹೋಲಿಸಿ. ಚೀಟಿಗಳು ದಾಖಲೆ, ಮಾರುವವರ ಮಾತು ಕೇವಲ ಐತಿಹ್ಯ. ಆರ್.ಸಿ. ಹದಿನೈದು ವರ್ಷಕ್ಕೆ ಮುಗಿಯುತ್ತದೆಯಾದ್ದರಿಂದ ನವೀಕರಣದ ಖರ್ಚನ್ನೂ ಬೆಲೆಯಲ್ಲಿ ಲೆಕ್ಕ ಹಿಡಿಯಿರಿ. ಕಡೆಗೆ, ಮಾರುವವರಿಗೆ ಪರಿಚಯವಿಲ್ಲದ ಮೆಕ್ಯಾನಿಕ್ ಒಬ್ಬರಿಗೆ ಕೂಲಿ ಕೊಟ್ಟು ತೋರಿಸಿ.

ಎಂಜಿನ್ನನ್ನು ಮೊದಲು ಆರಿಸಿ, ಆಮೇಲೆ ಆ ಎಂಜಿನ್ನಿರುವ ಕಾರುಗಳಲ್ಲಿ ಚೆನ್ನಾಗಿ ಸಾಕಿದ ಒಂದನ್ನು ಹುಡುಕಿ. ಬಣ್ಣವನ್ನು ಯಾವಾಗ ಬೇಕಾದರೂ ಬಳಿಸಬಹುದು.