ಗೋಕಾಕ ಸೀಮೆಯ ಸಾಲಿಗಳಲ್ಲಿ ಇಂಗ್ಲಿಷ್: ವಿಧಾನಗಳ ನೂರೈವತ್ತು ವರ್ಷ

ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಿಂದ ಮಹಾರಾಷ್ಟ್ರದ ಗಡಹಿಂಗ್ಲಜ ದೂರವಿಲ್ಲ. ಮನೆಯಲ್ಲಿ ಕನ್ನಡ, ವ್ಯಾಪಾರಕ್ಕೆ ಮರಾಠಿ, ಓಣಿಯ ಗೆಳೆಯರೊಡನೆ ದಖನಿ ಉರ್ದು ಆಡುವವರು ಈ ಭಾಗದಲ್ಲಿ ಅಪರೂಪವಲ್ಲ. ಅವರಿಗೆ ಯಾವ ಮಾಸ್ತರರೂ ಮರಾಠಿ ವ್ಯಾಕರಣ ಹೇಳಿಕೊಟ್ಟಿಲ್ಲ. ಅದೇ ಜನರ ಮಕ್ಕಳು ಸಾಲಿಯಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಓದಿಯೂ ನಾಲ್ಕು ಮಾತು ಸ್ವಂತವಾಗಿ ಆಡಲು ತಡವರಿಸುತ್ತಾರೆ. ಯಾಕೆ ಹೀಗೆ ಎಂಬ ಪ್ರಶ್ನೆಗೆ ಒಂದೊಂದು ತಲೆಮಾರಿನ ವಿದ್ವಾಂಸರು ಒಂದೊಂದು ಉತ್ತರ ಕೊಟ್ಟಿದ್ದಾರೆ. ಆ ಉತ್ತರಗಳನ್ನು ನಾನು ಅಳೆಯುವುದು ಒಂದೇ ಅಳತೆಗೋಲಿನಿಂದ: ಮಗು ಮನೆಯಿಂದ ತಂದ ಮಾತಿಗೆ ಅವು ತರಗತಿಯಲ್ಲಿ ಯಾವ ಜಾಗ ಕೊಟ್ಟವು?

ಈ ಸೀಮೆಯ ಸಾಲಿಗಳಿಗೆ ಮೊದಲು ಪರಭಾಷೆಯಾಗಿ ಬಂದದ್ದು ಇಂಗ್ಲಿಷ್ ಅಲ್ಲ, ಮರಾಠಿ. ಮುಂಬಯಿ ಪ್ರಾಂತ್ಯದ ಆಡಳಿತದಲ್ಲಿ ಬೆಳಗಾವಿ, ಧಾರವಾಡ ಭಾಗದ ಕನ್ನಡ ಮಕ್ಕಳು ಅಕ್ಷರ ತಿದ್ದುತ್ತಿದ್ದುದು ಬಹುಮಟ್ಟಿಗೆ ಮರಾಠಿಯಲ್ಲಿ. ಡೆಪ್ಯುಟಿ ಚನ್ನಬಸಪ್ಪನವರು (1834–1881) ಶಿಕ್ಷಣ ಇಲಾಖೆಯ ರಸೆಲ್ ಸಾಹೇಬರ ಬೆಂಬಲದಿಂದ ಊರೂರು ಸುತ್ತಿ ಕನ್ನಡ ಶಾಲೆಗಳನ್ನು ತೆರೆಸಿದರು. ಅದನ್ನು ನಾವು ಸಾಮಾನ್ಯವಾಗಿ ಕನ್ನಡ ಅಭಿಮಾನದ ಕಥೆಯಾಗಿ ಹೇಳುತ್ತೇವೆ. ಮಗು ತಿಳಿದ ಭಾಷೆಯಲ್ಲಿ ಓದು ಕಲಿತರೆ ಮುಂದಿನ ಭಾಷೆಗಳೂ ಹತ್ತುತ್ತವೆ ಎಂಬ ಇಂದಿನ ಸಿದ್ಧಾಂತಕ್ಕೂ ಆ ಕೆಲಸ ಒಪ್ಪುತ್ತದೆ.

ಇಂಗ್ಲಿಷ್ ಕಲಿಕೆ ಶುರುವಾದದ್ದು ವ್ಯಾಕರಣ ಮತ್ತು ಭಾಷಾಂತರದ ದಾರಿಯಲ್ಲಿ. ಲ್ಯಾಟಿನ್ ಮತ್ತು ಗ್ರೀಕ್ ಕಲಿಸಲು ಯುರೋಪು ಬಳಸುತ್ತಿದ್ದ ದಾರಿಯೇ ಅದು. ನಿಯಮ ಬಾಯಿಪಾಠ, ಶಬ್ದಗಳ ಪಟ್ಟಿ, ಆಮೇಲೆ ವಾಕ್ಯಗಳ ಅನುವಾದ. ಮುಂಬಯಿ ಪ್ರಾಂತ್ಯದಲ್ಲಿ ತರ್ಖಡ್ಕರರ ಭಾಷಾಂತರ ಪಾಠಮಾಲೆ ಇದಕ್ಕೆ ಹೆಸರುವಾಸಿ. ಈ ವಿಧಾನವನ್ನು ಹಳಿಯುವುದು ಈಗ ರೂಢಿ. ಹಾಗೆ ಕಲಿತವರು ಅರ್ಜಿ ಬರೆಯಬಲ್ಲವರಾದರು, ಮಾತಾಡಬಲ್ಲವರಾಗಲಿಲ್ಲ ಎಂಬ ಆಕ್ಷೇಪ ಸರಿಯೇ. ಆದರೆ ಆ ಪಾಠದಲ್ಲಿ ಮಗುವಿನ ಭಾಷೆಗೆ ಅರ್ಧ ಪುಟ ಮೀಸಲಿತ್ತು. ಮುಂದೆ ಬಂದವರು ಅದನ್ನೂ ಕಿತ್ತುಕೊಂಡರು.

ನೇರ ವಿಧಾನದವರು ತರಗತಿಯಿಂದ ಮಾತೃಭಾಷೆಯನ್ನೇ ಹೊರಗಿಟ್ಟರು. ಮಗು ಮೊದಲ ಭಾಷೆಯನ್ನು ಕೇಳಿ ಕಲಿಯುತ್ತದೆ, ಎರಡನೆಯದನ್ನೂ ಹಾಗೆಯೇ ಕಲಿಯಲಿ ಎಂಬುದು ಅವರ ವಾದ. ಮುಂಬಯಿ ಶಿಕ್ಷಣ ಇಲಾಖೆಯಲ್ಲಿದ್ದ ಪಿ.ಸಿ. ರೆನ್ (‘ರೆನ್ ಅಂಡ್ ಮಾರ್ಟಿನ್’ ವ್ಯಾಕರಣದ ರೆನ್ ಇವರೇ) ಭಾರತದ ಶಾಲೆಗಳಿಗೆ ಇದನ್ನೇ ಹೇಳಿದರು. ವಾದ ಕೇಳಲು ಚೆಂದ. ಆದರೆ ಮನೆಮಾತು ಎಚ್ಚರವಿರುವಷ್ಟು ಹೊತ್ತೂ ಮಗುವಿನ ಕಿವಿಗೆ ಬೀಳುತ್ತದೆ. ಇಂಗ್ಲಿಷಿಗೆ ದಿನಕ್ಕೆ ಸಿಗುವುದು ಒಂದು ಪೀರಿಯಡ್. ಢಾಕಾದಲ್ಲಿದ್ದ ಮೈಕೇಲ್ ವೆಸ್ಟ್ ಬಂಗಾಳದ ದ್ವಿಭಾಷಿಕತೆಯ ಬಗ್ಗೆ 1926ರಲ್ಲಿ ಬರೆದದ್ದು ಹೆಚ್ಚು ವಾಸ್ತವದ ಮಾತು: ಇಲ್ಲಿನ ಮಗುವಿಗೆ ಮೊದಲು ಬೇಕಾದದ್ದು ಓದಿ ತಿಳಿಯುವ ಶಕ್ತಿ.

ಸ್ವಾತಂತ್ರ್ಯ ಬಂದ ಹೊತ್ತಿಗೆ ಮುಂಬಯಿ ಸರ್ಕಾರ ಇಂಗ್ಲಿಷನ್ನು ಎಂಟನೆಯ ಇಯತ್ತೆಗೆ ತಳ್ಳಿತು. ಐವತ್ತರ ದಶಕದಲ್ಲಿ ಸಂರಚನಾ ವಿಧಾನ ಮದ್ರಾಸಿನಲ್ಲಿ ಬೇರೂರಿ ದೇಶಕ್ಕೆಲ್ಲ ಹಬ್ಬಿತು. ವಾಕ್ಯದ ಅಚ್ಚುಗಳನ್ನು ಸುಲಭದಿಂದ ಕಠಿಣಕ್ಕೆ ಜೋಡಿಸುವುದು, ಇಡೀ ತರಗತಿ ಒಕ್ಕೊರಲಿನಿಂದ ಹೇಳುವುದು, ಒಂದು ಪದ ಬದಲಿಸಿ ಮತ್ತೆ ಹೇಳುವುದು. ಭಾಷೆ ಎಂದರೆ ಅಭ್ಯಾಸಬಲ ಎಂಬ ವರ್ತನಾವಾದ ಆಗಿನ ಗಾಳಿಯಲ್ಲೇ ಇತ್ತು. ಶಿಕ್ಷಕರನ್ನು ತಯಾರು ಮಾಡಲು 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಹುಟ್ಟಿತು. ಅದರ ಆರಂಭದ ವರ್ಷಗಳಲ್ಲಿ ನಿರ್ದೇಶಕರಾಗಿದ್ದವರು ವಿ.ಕೃ. ಗೋಕಾಕರು. ಹುಟ್ಟಿದ್ದು ಸವಣೂರಿನಲ್ಲಿ, ಹೆಸರಿನಲ್ಲಿ ಹೊತ್ತದ್ದು ನಮ್ಮ ಗೋಕಾಕವನ್ನು. 1964ರಲ್ಲಿ ಭಾರತದಲ್ಲಿ ಇಂಗ್ಲಿಷಿನ ಇಂದು ಮತ್ತು ನಾಳೆಗಳ ಕುರಿತು ಪುಸ್ತಕ ಬರೆದವರೂ ಅವರೇ.

ಅಷ್ಟರಲ್ಲಿ ಸಿದ್ಧಾಂತದ ನೆಲ ಅಲುಗಿತ್ತು. 1959ರಲ್ಲಿ ಭಾಷಾವಿಜ್ಞಾನಿ ಚಾಮ್‌ಸ್ಕಿ ವರ್ತನಾವಾದಿ ಸ್ಕಿನ್ನರನ ಪುಸ್ತಕಕ್ಕೆ ಬರೆದ ವಿಮರ್ಶೆ ಅಭ್ಯಾಸಬಲದ ವಾದವನ್ನು ಬುಡದಿಂದ ಪ್ರಶ್ನಿಸಿತು. ‘ಮಾಡಿದೆ’, ‘ಓದಿದೆ’ ಎನ್ನಲು ಕಲಿತ ಮಗು ‘ಕೊಟ್ಟೆ’ ಎನ್ನುವಲ್ಲಿ ‘ಕೊಡಿದೆ’ ಎಂದುಬಿಟ್ಟರೆ, ಅದನ್ನು ಯಾರ ಬಾಯಿಂದಲೂ ಕೇಳಿ ಕಲಿತದ್ದಲ್ಲ. ನಿಯಮವನ್ನು ತಾನೇ ಊಹಿಸಿ ಒಂದು ಹೆಜ್ಜೆ ಮುಂದೆ ಹೋಗಿರುತ್ತದೆ. 1967ರಲ್ಲಿ ಪಿಟ್ ಕಾರ್ಡರ್, 1972ರಲ್ಲಿ ಸೆಲಿಂಕರ್ ಇದೇ ದೃಷ್ಟಿಯನ್ನು ಎರಡನೆಯ ಭಾಷೆಗೆ ತಂದರು: ಕಲಿಯುವವನ ತಪ್ಪು ರೋಗವಲ್ಲ, ಒಳಗೆ ಒಂದು ವ್ಯವಸ್ಥೆ ಕಟ್ಟಿಕೊಳ್ಳುತ್ತಿರುವುದರ ಸಾಕ್ಷಿ. ನಮ್ಮ ತರಗತಿಗಳಿಗೆ ಈ ತಿಳಿವು ಇನ್ನೂ ಸರಿಯಾಗಿ ಇಳಿದಿಲ್ಲ. ಕೆಂಪು ಶಾಯಿಯ ಗೆರೆ ಕಂಡು ಬಾಯಿ ಮುಚ್ಚಿಕೊಂಡ ಮಕ್ಕಳು ಎಷ್ಟೋ.

ಈ ಇಡೀ ಚರಿತ್ರೆಯಲ್ಲಿ ಕರ್ನಾಟಕ ಜಗತ್ತಿಗೆ ಕೊಟ್ಟ ಒಂದು ದೊಡ್ಡ ಪಾಠವಿದೆ. ಅದು ನಮ್ಮ ಶಿಕ್ಷಕರಿಗೇ ಕಡಿಮೆ ಗೊತ್ತು. 1963ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ನೆರವಿನಲ್ಲಿ, ಮದ್ರಾಸಿನ ಬ್ರಿಟಿಷ್ ಕೌನ್ಸಿಲಿನಲ್ಲಿದ್ದ ಎನ್.ಎಸ್. ಪ್ರಭು 1979ರಲ್ಲಿ ಒಂದು ಪ್ರಯೋಗ ಶುರುಮಾಡಿದರು. 1984ರವರೆಗೆ ನಡೆದ ಅದು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಪ್ರಸಿದ್ಧ. ವ್ಯಾಕರಣದ ಪಟ್ಟಿ ಇಲ್ಲ, ಅಚ್ಚುವಾಕ್ಯಗಳಿಲ್ಲ, ಬಾಯಿಪಾಠವಿಲ್ಲ. ರೈಲಿನ ವೇಳಾಪಟ್ಟಿಯನ್ನು ಮಕ್ಕಳ ಮುಂದಿಟ್ಟು, ಇಷ್ಟು ಗಂಟೆಗೆ ಆ ಊರು ಮುಟ್ಟಬೇಕಾದವನು ಯಾವ ಗಾಡಿ ಹಿಡಿಯಬೇಕು ಎಂದು ಇಂಗ್ಲಿಷಿನಲ್ಲಿ ಕೇಳುವುದು. ಮೊದಲು ಅಂಥದೊಂದನ್ನು ಶಿಕ್ಷಕರು ಇಡೀ ತರಗತಿಯೊಡನೆ ಬಾಯಿಮಾತಿನಲ್ಲೇ ಬಿಡಿಸುತ್ತಾರೆ. ಆಮೇಲೆ ಅದೇ ಬಗೆಯ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸುತ್ತಾರೆ. ಅಂಕ ಕೊಡುವುದು ಉತ್ತರ ಸರಿ ಇದೆಯೇ ಎಂದು ನೋಡಿ, ಭಾಷೆಯ ತಪ್ಪು ಎಣಿಸಿ ಅಲ್ಲ. ಮನಸ್ಸು ಅರ್ಥದಲ್ಲಿ ತೊಡಗಿದಾಗ ವ್ಯಾಕರಣ ತನ್ನಷ್ಟಕ್ಕೆ ಒಳಗೆ ಕಟ್ಟಿಕೊಳ್ಳುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಅಲ್ಲಿ ಮಗು ತನ್ನ ಭಾಷೆಯಲ್ಲಿ ಉತ್ತರಿಸಿದರೆ ಯಾರೂ ಗದರುತ್ತಿರಲಿಲ್ಲ.

1985ರಲ್ಲಿ ಬೆರೆಟಾ ಮತ್ತು ಡೇವಿಸ್ ಪ್ರಕಟಿಸಿದ ಮೌಲ್ಯಮಾಪನ ಎಚ್ಚರಿಕೆಯ ಮಾತಿನಲ್ಲೇ ಪ್ರಯೋಗದ ಪರ ನಿಂತಿತು. ಪ್ರಭು ಅವರ ಪುಸ್ತಕ 1987ರಲ್ಲಿ ಬಂತು. ಕಾರ್ಯಾಧಾರಿತ ಭಾಷಾಬೋಧನೆಯ ಬಗ್ಗೆ ಎಲ್ಲೇ ಬರೆದರೂ ಇಂದು ಬೆಂಗಳೂರಿನ ಹೆಸರು ಬರುತ್ತದೆ. ವಿದೇಶದ ವಿಧಾನಗಳನ್ನು ಆಮದು ಮಾಡಿಕೊಂಡೇ ಬಂದ ನಾಡು ರಫ್ತು ಮಾಡಿದ ಅಪರೂಪದ ವಿಚಾರ ಇದು. ಅದು ಬೆಂಗಳೂರಿನಿಂದ ಘಟಪ್ರಭೆಯ ದಂಡೆಗೆ ಬರಲೇ ಇಲ್ಲವೆಂಬುದು ನನ್ನ ಸಂಕಟ.

ಪ್ರಭು ಅವರ ತರಗತಿಗಳು ನಡೆಯುತ್ತಿದ್ದ ವರ್ಷಗಳಲ್ಲೇ, 1980ರಲ್ಲಿ, ಸರ್ಕಾರ ಗೋಕಾಕರ ಸಮಿತಿಯನ್ನು ನೇಮಿಸಿತು. ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕು, ಅದಕ್ಕೆ 150 ಅಂಕವಿರಬೇಕು ಎಂದು 1981ರಲ್ಲಿ ವರದಿ ಬಂತು. ವರದಿಯ ಜಾರಿಗಾಗಿ ನಡೆದ 1982ರ ಚಳವಳಿಯನ್ನು ನಟ ರಾಜಕುಮಾರ್ ಮುನ್ನಡೆಸಿದ್ದು ಎಲ್ಲರ ನೆನಪಿನಲ್ಲಿದೆ. ಇಂಗ್ಲಿಷ್ ಬೋಧನೆಯ ಉನ್ನತ ಸಂಸ್ಥೆಯನ್ನು ನಡೆಸಿದವರೇ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ್ದರಲ್ಲಿ ನನಗೆ ವಿರೋಧ ಕಾಣುವುದಿಲ್ಲ. ಜಿಮ್ ಕಮಿನ್ಸ್ 1979ರ ಹೊತ್ತಿಗೆ ಮಂಡಿಸಿದ ವಿಚಾರವೂ ಅದೇ ದಿಕ್ಕಿನದು: ಮೊದಲ ಭಾಷೆಯಲ್ಲಿ ಗಟ್ಟಿಯಾದ ಓದು, ತರ್ಕ, ವಿವರಣೆಯ ಶಕ್ತಿ ಎರಡನೆಯದಕ್ಕೂ ಒದಗುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಹುಭಾಷಿಕತೆಯನ್ನು ತೊಡಕೆಂದು ನೋಡದೆ ಸಂಪತ್ತೆಂದು ಕರೆಯಿತು.

ನೀತಿ ಮಾತ್ರ ಬೇರೆ ದಾರಿ ಹಿಡಿಯಿತು. 2007ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂತು. ಒಂದು ಭಾಷೆಯಾಗಿ ಕಲಿಸುವುದು ಒಪ್ಪುವ ಮಾತೇ; ತೊಡಕು ಇಂಗ್ಲಿಷ್ ಮಾಧ್ಯಮವಾದಾಗ. 2014ರಲ್ಲಿ ಸುಪ್ರೀಂ ಕೋರ್ಟು ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಿತು. ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯುವ ಮಾತು ಬಂದಾಗ, 2019ರ ಧಾರವಾಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಿಂದಲೇ ಚಂದ್ರಶೇಖರ ಕಂಬಾರರು ವಿರೋಧಿಸಿದರು. ಕಂಬಾರರು ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯವರು. ಗೋಕಾಕದ ಹೈಸ್ಕೂಲಿನಲ್ಲಿ ಓದಿದವರು, ಮುಂದೆ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು. ಕನ್ನಡ ಶಾಲೆಯಲ್ಲಿ ಓದಿದರೆ ಇಂಗ್ಲಿಷ್ ಬಾರದು ಎಂದು ಅಂಜುವ ತಾಯಿತಂದೆಯರಿಗೆ ಕಂಬಾರರು ನಡೆದ ಈ ದಾರಿಯನ್ನು ತೋರಿಸಬೇಕು.

ಅವರ ಅಂಜಿಕೆಯನ್ನು ನಾನು ಹಗುರಾಗಿ ಕಾಣುವುದಿಲ್ಲ. ಕೆಲಸ ಬೇಕು, ಕೆಲಸಕ್ಕೆ ಇಂಗ್ಲಿಷ್ ಬೇಕು. ಆದರೆ ಮಾಧ್ಯಮ ಬದಲಿಸುವುದು ಭಾಷೆ ಕಲಿಸುವ ವಿಧಾನವಲ್ಲ. ಗಣಿತವೂ ಅರ್ಥವಾಗದ, ಇಂಗ್ಲಿಷೂ ಹತ್ತದ ಸ್ಥಿತಿಗೆ ಅದು ಮಗುವನ್ನು ದೂಡಬಹುದು.

ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ವಲಯಗಳು. ಅಲ್ಲಿನ ಮಾಸ್ತರರಲ್ಲಿ, ಅಕ್ಕೋರಲ್ಲಿ ನನ್ನ ಕೋರಿಕೆ ಇಷ್ಟೇ: ಪ್ರಭು ಅವರ ರೈಲುಪಟ್ಟಿಯ ಜಾಗದಲ್ಲಿ ಗೋಕಾಕ ಬಸ್‌ಸ್ಟ್ಯಾಂಡಿನ ವೇಳಾಪಟ್ಟಿ ಇಡಿ, ಮೂಡಲಗಿ ಸಂತೆಯ ದರಪಟ್ಟಿ ಇಡಿ. ಪ್ರಶ್ನೆ ಇಂಗ್ಲಿಷಿನಲ್ಲಿರಲಿ. ಉತ್ತರ ಮೊದಲು ಕನ್ನಡದಲ್ಲೋ ಮರಾಠಿಯಲ್ಲೋ ಉರ್ದುವಿನಲ್ಲೋ ಬಂದರೂ ಬರಲಿ, ಮಗುವನ್ನು ತಡೆಯಬೇಡಿ. ವಾರಕ್ಕೆ ಎರಡು ಪೀರಿಯಡ್ ಹೀಗೆ ಒಂದು ವರ್ಷ ನಡೆಸಿ, ಏನಾಯಿತೆಂದು ಬರೆದಿಡಿ.