ಬೂಟಿನ ಮೇಲೆ ಬೇಡವಾದ ಪದ

2001ರ ಜನವರಿಯಲ್ಲಿ ಅಮೆರಿಕದ ನೈಕಿ ಕಂಪನಿಗೆ ಒಂದು ವಿಚಿತ್ರ ಬೇಡಿಕೆ ಬಂತು. ಗಿರಾಕಿಗಳು ತಮಗಿಷ್ಟವಾದ ಪದವನ್ನು ಬೂಟಿನ ಮೇಲೆ ಹಾಕಿಸಿಕೊಳ್ಳುವ ಸೌಲಭ್ಯವನ್ನು ಕಂಪನಿ ಆಗ ಒದಗಿಸಿತ್ತು. ಎಂಐಟಿ ವಿದ್ಯಾರ್ಥಿ ಜೋನಾ ಪೆರೆಟ್ಟಿ ಕೇಳಿದ ಪದ ‘ಸ್ವೆಟ್‌ಶಾಪ್’. ಅಲ್ಪ ಕೂಲಿಗೆ, ಕೆಟ್ಟ ವಾತಾವರಣದಲ್ಲಿ, ಹೊತ್ತುಗೊತ್ತಿಲ್ಲದೆ ದುಡಿಸಿಕೊಳ್ಳುವ ಕಾರ್ಖಾನೆಗೆ ಇಂಗ್ಲಿಷಿನಲ್ಲಿರುವ ಹೆಸರದು.

ಅದು ಆಡುಮಾತಿನ ಅನುಚಿತ ಪದವೆಂದು ಕಂಪನಿ ನಿರಾಕರಿಸಿತು. ನಿಘಂಟಿನಲ್ಲೇ ಇದೆಯಲ್ಲ ಎಂದು ಪೆರೆಟ್ಟಿ ವಿನಯದಿಂದ ಉತ್ತರಿಸಿದ. ಕೊನೆಗೆ, ತನ್ನ ಬೂಟು ತಯಾರಿಸುವ ವಿಯೆಟ್ನಾಮಿನ ಹತ್ತು ವರ್ಷದ ಹುಡುಗಿಯ ಫೋಟೊವನ್ನಾದರೂ ಕಳಿಸಿಕೊಡಿ ಎಂದು ಕೇಳಿದ. ಮಿತ್ರರಿಗೆ ತೋರಿಸಿದ ಈ ಪತ್ರವ್ಯವಹಾರ ಇ-ಮೇಲ್ ಮೂಲಕ ಜಗತ್ತನ್ನೇ ಸುತ್ತಿತು.

ಇದು ಬರೀ ಹುಡುಗಾಟವಲ್ಲ. ಇದರ ಹಿಂದೆ ಸುಮಾರು ಒಂದು ದಶಕದ ಇತಿಹಾಸವಿತ್ತು. ವಿನ್ಯಾಸ, ಜಾಹೀರಾತು ತನ್ನಲ್ಲಿಟ್ಟುಕೊಂಡು ತಯಾರಿಕೆಯನ್ನು ಗುತ್ತಿಗೆಗೆ ಕೊಡುವುದು ನೈಕಿಯ ಕ್ರಮ. ಜಪಾನಿನಲ್ಲಿ ಕೂಲಿ ಏರಿದಾಗ ಕೆಲಸ ದಕ್ಷಿಣ ಕೊರಿಯಾ, ತೈವಾನ್‌ಗಳಿಗೆ ಹೋಯಿತು. ಅಲ್ಲೂ ಏರಿದಾಗ ಇಂಡೊನೇಷ್ಯಾ, ಚೀನಾ, ವಿಯೆಟ್ನಾಂಗಳಿಗೆ ದಾಟಿತು. 1992ರಲ್ಲಿ ಜೆಫ್ ಬ್ಯಾಲಿಂಜರ್ ‘ಹಾರ್ಪರ್ಸ್’ ಪತ್ರಿಕೆಯಲ್ಲಿ ಇಂಡೊನೇಷ್ಯಾದ ಕಾರ್ಮಿಕ ಮಹಿಳೆಯೊಬ್ಬಳ ಸಂಬಳದ ಚೀಟಿಯನ್ನೇ ಪ್ರಕಟಿಸಿದರು. ಗಂಟೆಗೆ ಸುಮಾರು 14 ಸೆಂಟ್! ಜಾಹೀರಾತಿಗಾಗಿ ಬಾಸ್ಕೆಟ್‌ಬಾಲ್ ತಾರೆ ಮೈಕೆಲ್ ಜೋರ್ಡನ್ ಪಡೆದಷ್ಟು ಹಣ ಗಳಿಸಲು ಆಕೆ 44,492 ವರ್ಷ ದುಡಿಯಬೇಕೆಂದು ಅವರು ಲೆಕ್ಕ ಹಾಕಿದರು.

ಇಂಥ ಲೆಕ್ಕಗಳೇ ಅಣಕು ಜಾಹೀರಾತಿಗೆ ಸರಕಾದವು. ಕೆನಡಾದ ವ್ಯಾಂಕೂವರ್‌ನಲ್ಲಿ 1989ರಲ್ಲಿ ಆರಂಭವಾದ ‘ಆ್ಯಡ್‌ಬಸ್ಟರ್ಸ್’ ಪತ್ರಿಕೆ ಈ ಕಲೆಯಲ್ಲಿ ಹೆಸರಾಯಿತು. ನೋಡಲು ಅಸಲಿ ಜಾಹೀರಾತಿನ ಹಾಗೆಯೇ ಇರುತ್ತದೆ: ಅದೇ ಚಿತ್ರ, ಅದೇ ಹುರುಪಿನ ಮಾತು. ಓದುತ್ತಾ ಹೋದಂತೆ ಮಾತು ಇಂಡೊನೇಷ್ಯಾದ ಕಾರ್ಖಾನೆಗೆ ತಿರುಗುತ್ತದೆ.

ಇದು ನಾಟಿದ್ದೇಕೆ? ನೈಕಿ ಮಾರುತ್ತಿದ್ದುದು ಬೂಟನ್ನಷ್ಟೇ ಅಲ್ಲ, ಒಂದು ಕನಸನ್ನು. 1988ರ ‘ಜಸ್ಟ್ ಡು ಇಟ್’ ಘೋಷಣೆಯನ್ನು ಜನರ ಮನಸ್ಸಿನಲ್ಲಿ ಊರಲು ಅಪಾರ ಹಣ ಸುರಿದಿತ್ತು. ಅಣಕು ಮಾಡುವವರು ಆ ಖರ್ಚು ಮಾಡಬೇಕಿರಲಿಲ್ಲ. ಕಂಪನಿ ಉತ್ತು ಹದಮಾಡಿದ ಹೊಲದಲ್ಲಿ ಅವರು ಬೀಜ ಬಿತ್ತಿದರು, ಅಷ್ಟೆ.

ಹೆಸರೇ ಬಂಡವಾಳವಾದವರಿಗೆ ಹೆಸರು ಕೆಡುವುದೇ ದೊಡ್ಡ ನಷ್ಟ. 1998ರ ಮೇ ತಿಂಗಳಲ್ಲಿ ಕಂಪನಿಯ ಮುಖ್ಯಸ್ಥ ಫಿಲ್ ನೈಟ್ ವಾಷಿಂಗ್ಟನ್ನಿನ ನ್ಯಾಷನಲ್ ಪ್ರೆಸ್ ಕ್ಲಬ್‌ನಲ್ಲಿ, ತಮ್ಮ ಸರಕಿನ ಹೆಸರು ಗುಲಾಮರ ಕೂಲಿಗೆ ಪರ್ಯಾಯವಾಗಿಬಿಟ್ಟಿದೆ ಎಂದು ಒಪ್ಪಿಕೊಂಡರು. ಬೂಟಿನ ಕಾರ್ಖಾನೆಗಳಲ್ಲಿ ಹೊಸದಾಗಿ ಸೇರುವವರ ಕನಿಷ್ಠ ವಯಸ್ಸನ್ನು 18ಕ್ಕೆ ಏರಿಸಿದರು. 2005ರಲ್ಲಿ ಕಂಪನಿ 700ಕ್ಕೂ ಹೆಚ್ಚು ಗುತ್ತಿಗೆ ಕಾರ್ಖಾನೆಗಳ ಪಟ್ಟಿಯನ್ನು ಬಹಿರಂಗಪಡಿಸಿತು.

ಹಾಗೆಂದು ನಗೆಯೊಂದೇ ಎಲ್ಲವನ್ನೂ ಸಾಧಿಸಿತು ಎನ್ನಲಾಗದು. ಇಂಡೊನೇಷ್ಯಾದ ಕಾರ್ಮಿಕರು ತಾವೇ ಮುಷ್ಕರ ಹೂಡಿದ್ದರು. ಅವರ ಸಂಬಳದ ಚೀಟಿ ಇಲ್ಲದಿದ್ದರೆ ಅಣಕಕ್ಕೆ ಮೊನೆಯೇ ಇರುತ್ತಿರಲಿಲ್ಲ. 2013ರಲ್ಲಿ ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ಕುಸಿದು, ಪಶ್ಚಿಮದ ಅಂಗಡಿಗಳಿಗೆ ಬಟ್ಟೆ ಹೊಲಿಯುತ್ತಿದ್ದವರೂ ಸೇರಿ 1,100ಕ್ಕೂ ಹೆಚ್ಚು ಜನ ಸತ್ತರು. ಅಣಕು ಜಾಹೀರಾತು ಕೊಳ್ಳುವವನ ಕಣ್ಣು ತೆರೆಸಬಲ್ಲದು. ಹೊಲಿಯುವವಳ ಕೂಲಿ ಏರಬೇಕಾದರೆ ಕಣ್ಣು ತೆರೆದವನು ಮತ್ತೆ ಮುಚ್ಚದಿರಬೇಕು.