ಬಿಲ್ಲು ಎರಡಾದ ಕಥೆ

ಫುಟ್‌ಬಾಲ್ ನೋಡೋಕೆ ಎರಡೆರಡು ಕಡೆ ದುಡ್ಡು ಕಟ್ಟುವ ಇಂಗ್ಲೆಂಡಿನ ಅಭಿಮಾನಿಗಳ ಗೋಳು ಕೇಳಿದಾಗೆಲ್ಲ ನನಗೆ 2007 ನೆನಪಾಗುತ್ತೆ. ಪ್ರೀಮಿಯರ್ ಲೀಗ್‌ನ ನೇರಪ್ರಸಾರ 1992ರಿಂದ ಸ್ಕೈ ಒಬ್ಬರದೇ ಸ್ವತ್ತಾಗಿತ್ತು. ಈ ಏಕಸ್ವಾಮ್ಯ ಸಾಕು ಅಂತ ಯುರೋಪಿಯನ್ ಕಮಿಷನ್ ಪಟ್ಟು ಹಿಡಿಯಿತು. ಪಂದ್ಯಗಳನ್ನು ಆರು ಪ್ಯಾಕೇಜ್ ಮಾಡಿ ಮಾರಲು, ಆರನ್ನೂ ಒಬ್ಬರಿಗೇ ಕೊಡದಿರಲು ಲೀಗ್ ಒಪ್ಪಿತು.

2007ರ ಸೀಸನ್ನಿಂದ ಸ್ಕೈಗೆ 92 ಪಂದ್ಯ, ಸೆಟಾಂಟಾಗೆ 46. ಆದರೆ ಸ್ಕೈನಲ್ಲಿ ಬರುವ ಪಂದ್ಯ ಸೆಟಾಂಟಾದಲ್ಲಿ ಬರೋದಿಲ್ಲ. ಒಬ್ಬನ ಹತ್ತಿರ ಬೇಳೆ, ಇನ್ನೊಬ್ಬನ ಹತ್ತಿರ ತರಕಾರಿ. ಸಾಂಬಾರಿಗೆ ಎರಡೂ ಬೇಕು. ಬೆಲೆ ಇಳಿಯೋದು ಹೇಗೆ?

2009ರಲ್ಲಿ ಸೆಟಾಂಟಾದ ಬ್ರಿಟನ್ ವ್ಯವಹಾರ ಮುಳುಗಿತು. ಆಮೇಲೆ ಇಎಸ್‌ಪಿಎನ್, ಬಿಟಿ, ಅಮೆಜಾನ್ ಬಂದವು. ಪೈಪೋಟಿ ನಡೆದದ್ದು ಹಕ್ಕು ಕೊಳ್ಳುವವರ ನಡುವೆ. ಆ ದುಡ್ಡು ಕ್ಲಬ್ಬುಗಳಿಗೆ ಹೋಯ್ತು, ಎರಡನೇ ಚಂದಾ ಅಭಿಮಾನಿಯ ತಲೆ ಮೇಲೆ ಬಿತ್ತು.